ಬಾನುಲಿಯಲ್ಲಿ ವಿಜ್ಞಾನ ಕಥೆ

ನಮ್ಮಲ್ಲಿ ನಾಟಕವನ್ನು ನೋಡಿ ಬರುತ್ತಾರೆ. ತಾಳಮದ್ದಲೆಯನ್ನು ಕೇಳಿ ಬರುತ್ತಾರೆ. ಕರಾವಳಿ ಮಲೆನಾಡುಗಳ ಕಡೆ ಬೆಳೆದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಮಳೆಗಾಲದ ಒಂದು ರಾತ್ರಿ, ಯಾರದೋ ಮನೆಯ ಚಾವಡಿ. ನಡುವೆ ಭಾಗವತರು, ಪಕ್ಕದಲ್ಲಿ ಮದ್ದಲೆಯವರು, ಎದುರುಬದುರಾಗಿ ಕುಳಿತ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಪರದೆಯಿಲ್ಲ. ಕರ್ಣನೆಂಬವನು ಬಿಳಿಯ ಪಂಚೆ ಉಟ್ಟು ಕುಳಿತಿದ್ದಾನೆ. ಶಲ್ಯನ ಮೂಗಿನ ಮೇಲೆ ಕನ್ನಡಕವಿದೆ. ಆದರೂ ರಥದ ಗಾಲಿ ನೆಲದಲ್ಲಿ ಹೂತುಹೋದುದು ನಮಗೆ ಕಾಣಿಸುತ್ತದೆ. ಕಿವಿಯ ಮೂಲಕ ಕಣ್ಣನ್ನು ತೆರೆಸುವ ಈ ವಿದ್ಯೆ ನಮಗೆ ಹಳೆಯದು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪುಟ್ಟದೊಂದು ಬಾನುಲಿ ನಿಲಯವನ್ನು ಆರಂಭಿಸಿದಾಗ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಒಪ್ಪಿತು. ಮುಂದೆ ದೇಶವೇ ಆ ಹೆಸರನ್ನು ಎತ್ತಿಕೊಂಡಿತು. ಕಾಣದ ಬಾಯಿಯಿಂದ ಬರುವ ಮಾತನ್ನು ನಂಬುವುದು ನಮ್ಮ ಪುರಾಣಗಳು ಕಲಿಸಿದ ಅಭ್ಯಾಸ.

ಆದರೆ ಇಂದು ನಾನು ಹೇಳಹೊರಟಿರುವುದು ಪುರಾಣದ ಮಾತಲ್ಲ. ಆಗಿಹೋದುದನ್ನು ಕಿವಿಗೆ ಕಾಣಿಸುವುದು ಒಂದು ಬಗೆ. ಇನ್ನೂ ಆಗದೇ ಇರುವುದನ್ನು ಕಾಣಿಸುವುದು ಇನ್ನೊಂದು ಬಗೆ. ಕರ್ಣನ ರಥವನ್ನು ಕೇಳುಗ ಮೊದಲೇ ಬಲ್ಲ. ಮಂಗಳ ಗ್ರಹದ ನೆಲವನ್ನಾಗಲಿ, ಆರು ಸೂರ್ಯರಿರುವ ಲೋಕವನ್ನಾಗಲಿ ಅವನು ಬಲ್ಲನೆ? ಹೀಗಿರುವಾಗ ವಿಜ್ಞಾನ ಕಥೆಯೊಂದನ್ನು ಬರಿಯ ದನಿಯಿಂದ ನಾಟಕವಾಗಿಸುವುದು ಹೇಗೆ? ಈ ಪ್ರಶ್ನೆಯನ್ನು ಬಹು ಗಂಭೀರವಾಗಿ ಎತ್ತಿಕೊಂಡು ವಾರವಾರವೂ ಉತ್ತರ ಹುಡುಕಿದ ಎರಡು ಬಾನುಲಿ ಮಾಲಿಕೆಗಳಿದ್ದವು. ಎರಡೂ ಅಮೆರಿಕೆಯ ಎನ್.ಬಿ.ಸಿ. ಸಂಸ್ಥೆಯವು. ಮೊದಲನೆಯದು 'ಡೈಮೆನ್ಷನ್ ಎಕ್ಸ್'. 1950ರ ಏಪ್ರಿಲ್‌ನಿಂದ 1951ರ ಸೆಪ್ಟೆಂಬರ್‌ವರೆಗೆ ನಡೆಯಿತು. ಎರಡನೆಯದು 'ಎಕ್ಸ್ ಮೈನಸ್ ಒನ್'. 1955ರ ಏಪ್ರಿಲ್‌ನಲ್ಲಿ ಹುಟ್ಟಿ 1958ರ ಜನವರಿಯಲ್ಲಿ ಮುಗಿಯಿತು. ಎರಡಕ್ಕೂ ಮುಖ್ಯ ರೂಪಾಂತರಕಾರರು ಅರ್ನೆಸ್ಟ್ ಕಿನಾಯ್ ಮತ್ತು ಜಾರ್ಜ್ ಲೆಫರ್ಟ್ಸ್ ಎಂಬ ಇಬ್ಬರು ಬರಹಗಾರರು. 'ಅಸ್ಟೌಂಡಿಂಗ್', 'ಗ್ಯಾಲಕ್ಸಿ' ಮೊದಲಾದ ಮಾಸಪತ್ರಿಕೆಗಳಲ್ಲಿ ಬಂದ ಸಣ್ಣ ಕಥೆಗಳನ್ನು ಇವರು ಅರ್ಧ ಗಂಟೆಯ ಅವಧಿಗೆ ಹೊಂದಿಸಿ ಬರೆದರು. ಆ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಉಳಿದುಬಂದಿವೆ. ಆಸಕ್ತರು ಇಂದಿಗೂ ಕೇಳಬಹುದು.

ನಾನು ಇವನ್ನು ಕೇಳಿದ್ದು ತೀರ ಈಚೆಗೆ, ನನ್ನ ಬರವಣಿಗೆಯ ಕಾಲವೆಲ್ಲ ಮುಗಿದ ಮೇಲೆ. ಮೊದಲೇ ಕೇಳಿದ್ದರೆ ಒಂದು ತಪ್ಪನ್ನು ಮಾಡದೆ ಉಳಿಯುತ್ತಿದ್ದೆನೇನೋ. ಆ ತಪ್ಪಿನ ಕಥೆಯನ್ನು ಮೊದಲು ಒಪ್ಪಿಸಿಬಿಡುತ್ತೇನೆ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಹಿರಿಯ ಕಥೆಗಾರರೊಬ್ಬರ ಒಂದು ಕಥೆಯನ್ನು ಬಾನುಲಿ ನಾಟಕವಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಥೆಯಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ನಿವೃತ್ತ ಮೇಷ್ಟರೊಬ್ಬರು ಹೆಂಡತಿಯ ಉತ್ತರಕ್ರಿಯೆಗಳನ್ನೆಲ್ಲ ಮುಗಿಸಿ, ಬಂದವರನ್ನು ಬಸ್ಸಿಗೆ ಹತ್ತಿಸಿ, ಮನೆಗೆ ಹಿಂದಿರುಗಿ ದೀಪ ಹಚ್ಚದೆ ಕುಳಿತುಕೊಳ್ಳುತ್ತಾರೆ. ಅಷ್ಟೇ. ಬಾನುಲಿಯಲ್ಲಿ ಕುಳಿತುಕೊಳ್ಳುವುದಕ್ಕೆ ಸದ್ದಿಲ್ಲ ಎಂದು ನಾನು ಹೆದರಿದೆ. ಪಕ್ಕದ ಮನೆಯವನೊಬ್ಬನನ್ನು ಕರೆತಂದೆ. ಅವನ ಬಾಯಲ್ಲಿ ಮೇಷ್ಟರ ದುಃಖವನ್ನೆಲ್ಲ ಹೇಳಿಸಿದೆ. ಮೇಷ್ಟರ ಬಾಯಲ್ಲಿ ಅದಕ್ಕೆ ಉತ್ತರವನ್ನೂ ಹೇಳಿಸಿದೆ. ಕೊನೆಗೆ ಪಿಟೀಲನ್ನು ಅಳಿಸಿದೆ. ಪ್ರಸಾರವಾದ ನಾಲ್ಕನೆಯ ದಿನ ಹಿರಿಯರಿಂದ ಒಂದು ಕಾರ್ಡು ಬಂತು. ಎರಡೇ ಸಾಲು. ನಾಟಕ ಚೆನ್ನಾಗಿತ್ತು ಎಂದು ಒಂದು; ನನ್ನ ಕಥೆಯನ್ನು ಯಾವಾಗ ಪ್ರಸಾರ ಮಾಡುತ್ತೀರಿ ಎಂದು ಇನ್ನೊಂದು.

ರೂಪಾಂತರಕಾರನ ಭಯವೆಂದರೆ ಇದು: ಕೇಳುಗನಿಗೆ ತಿಳಿಯದೆ ಹೋದೀತು ಎಂಬ ಭಯ. ವಿಜ್ಞಾನ ಕಥೆಯಲ್ಲಿ ಈ ಭಯ ಹತ್ತು ಪಟ್ಟು ಹೆಚ್ಚುತ್ತದೆ. ಗುರುತ್ವಾಕರ್ಷಣೆ ಎಂದರೇನು, ಇಂಧನದ ಲೆಕ್ಕವೇನು, ಗ್ರಹಣ ಏಕೆ ಹಿಡಿಯುತ್ತದೆ, ಇವೆಲ್ಲ ಕೇಳುಗನಿಗೆ ತಲುಪಬೇಕು. ತಲುಪಿಸಲು ಮಾತಲ್ಲದೆ ಬೇರೆ ದಾರಿಯಿಲ್ಲ. ಆಗ ಏನಾಗುತ್ತದೆ? ಕಾಫಿ ಕುಡಿಯುತ್ತಿರುವ ವಿಜ್ಞಾನಿ, ಮದುವೆಯಾಗಿ ಇಪ್ಪತ್ತು ವರ್ಷಗಳಾದ ಹೆಂಡತಿಗೆ, ತಾನು ಮಾಡುವ ಕೆಲಸವೇನೆಂಬುದನ್ನು ಅಂದೇ ಮೊದಲ ಸಲ ವಿವರಿಸುತ್ತಾನೆ. ಹಳೆಯ ಕಂಪನಿ ನಾಟಕಗಳಲ್ಲಿ ದ್ವಾರಪಾಲಕನು ದೊರೆಗೇ ದೊರೆಯ ಬಿರುದುಗಳನ್ನು ಹೇಳಿ ತಿಳಿಸುತ್ತಿದ್ದ ಹಾಗೆ. ಈ ಮಾಲಿಕೆಗಳಲ್ಲಿಯೂ ಇಂಥ ಮಾತು ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅವುಗಳ ಒಳ್ಳೆಯ ನಾಟಕಗಳಲ್ಲಿ ಮೂರು ನಾಲ್ಕು ಬಗೆಯ ಪರಿಹಾರಗಳು ಕಾಣುತ್ತವೆ. ಒಂದೊಂದಕ್ಕೂ ಒಂದು ಕಥೆಯನ್ನು ಉದಾಹರಿಸುತ್ತೇನೆ.

ಮೊದಲನೆಯದು ಸುಲಭದ ದಾರಿ: ಕಥೆಯ ಜೀವವೇ ಒಂದು ಸದ್ದಿನಲ್ಲಿರುವುದು. ಫ್ರೆಡ್ರಿಕ್ ಬ್ರೌನ್ 1948ರಲ್ಲಿ ಬರೆದ 'ನಾಕ್' ಎಂಬ ಕಥೆಯಲ್ಲಿ ಭೂಮಿಯ ಮೇಲೆ ಉಳಿದ ಕೊನೆಯ ಗಂಡಸು ಒಂದು ಕೋಣೆಯಲ್ಲಿ ಒಬ್ಬನೇ ಇರುವಾಗ ಹೊರಗಿನಿಂದ ಬಾಗಿಲು ತಟ್ಟಿದ ಸದ್ದಾಗುತ್ತದೆ. ಬಾಗಿಲು ತಟ್ಟುವ ಸದ್ದಿಗಿಂತ ಹಳೆಯ ಉಪಕರಣ ಬಾನುಲಿ ನಾಟಕದಲ್ಲಿ ಮತ್ತೊಂದಿಲ್ಲ, ಹಲಗೆಯೊಂದಿದ್ದರೆ ಸಾಕು. ಬ್ರ್ಯಾಡ್ಬರಿಯ 'ಝೀರೋ ಅವರ್' ಇದೇ ಜಾತಿಯದು. ಮಕ್ಕಳೆಲ್ಲ ಹಿತ್ತಿಲಲ್ಲಿ ದಂಡಯಾತ್ರೆಯ ಆಟ ಆಡುತ್ತಿದ್ದಾರೆ. ಏಳು ವರ್ಷದ ಹುಡುಗಿ ಕಾಣದ ಗೆಳೆಯನೊಬ್ಬನ ಅಪ್ಪಣೆಯಂತೆ ಅಡಿಗೆಮನೆಯಿಂದ ಪಾತ್ರೆ ಸೌಟುಗಳನ್ನು ಹೊತ್ತೊಯ್ಯುತ್ತಾಳೆ. ತಾಯಿ ನಗುತ್ತಾಳೆ. ಸಂಜೆಯ ಹೊತ್ತಿಗೆ ಆಟ ಆಟವಲ್ಲವೆಂದು ತಿಳಿದು, ತಾಯಿ ತಂದೆಯರು ಅಟ್ಟದಲ್ಲಿ ಬಾಗಿಲು ಹಾಕಿಕೊಂಡು ಅಡಗಿದ್ದಾರೆ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು, ಅದರೊಡನೆ ಮಗಳ ಮುದ್ದು ದನಿ. ಬಂದವರು ಯಾರು, ಅವರ ಆಕಾರವೇನು, ಕಥೆಗಾರ ಹೇಳುವುದಿಲ್ಲ. ಬಾನುಲಿಗೆ ಅದನ್ನು ತೋರಿಸಲು ಸಾಧ್ಯವೂ ಇಲ್ಲ. ಬೆಳ್ಳಿತೆರೆಯವರು ಇಂಥಲ್ಲಿ ರಬ್ಬರಿನ ರಾಕ್ಷಸನನ್ನು ಹೊಲಿಯಬೇಕಾಗುತ್ತದೆ. ಬಾನುಲಿಯಲ್ಲಿ ಒಬ್ಬೊಬ್ಬ ಕೇಳುಗನೂ ತನ್ನ ಅಟ್ಟಕ್ಕೆ ತಾನೇ ಒಬ್ಬನನ್ನು ಕರೆತರುತ್ತಾನೆ.

ಎರಡನೆಯದು ಇದಕ್ಕಿಂತ ಕಷ್ಟದ್ದು. 'ಝೀರೋ ಅವರ್' ಜೊತೆಯಲ್ಲಿಯೇ, 1950ರ ಜೂನ್ 17ರಂದು, ಬ್ರ್ಯಾಡ್ಬರಿಯ ಇನ್ನೊಂದು ಕಥೆಯೂ ಪ್ರಸಾರವಾಯಿತು: 'ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್'. ಅದು 'ಕೋಲಿಯರ್ಸ್' ಪತ್ರಿಕೆಯಲ್ಲಿ ಅಚ್ಚಾಗಿ ಆಗ ಒಂದೂವರೆ ತಿಂಗಳು ಕೂಡ ಆಗಿರಲಿಲ್ಲ. ಈ ಕಥೆಯಲ್ಲಿ ಮನುಷ್ಯರೇ ಇಲ್ಲ. ಒಂದು ಊರು ಅಣುಬಾಂಬಿನಿಂದ ನಾಶವಾಗಿದೆ. ಒಂದು ಮನೆ ಮಾತ್ರ ನಿಂತಿದೆ. ಅದು ಯಂತ್ರಗಳ ಮನೆ. ಹೊತ್ತಾಯಿತು ಏಳಿ ಎನ್ನುತ್ತದೆ ಗಡಿಯಾರ. ಒಲೆ ತಾನಾಗಿ ಉಪಾಹಾರ ಬೇಯಿಸುತ್ತದೆ. ಶಾಲೆಗೆ ಹೊತ್ತಾಯಿತು, ಮಳೆ ಬರುತ್ತಿದೆ, ಕೊಡೆ ಮರೆಯಬೇಡಿ ಎಂದು ದನಿ ಎಚ್ಚರಿಸುತ್ತದೆ. ಏಳುವವರಿಲ್ಲ, ಉಣ್ಣುವವರಿಲ್ಲ. ಹೊರಗಿನ ಗೋಡೆಯ ಮೇಲೆ ಆ ಮನೆಯವರ ನೆರಳಿನ ಗುರುತುಗಳು ಮಾತ್ರ ಉಳಿದಿವೆ. ಸಂಜೆ ದನಿ ಮನೆಯೊಡತಿಗೆ ಪ್ರಿಯವಾಗಿದ್ದ ಕವಿತೆಯೊಂದನ್ನು ಓದುತ್ತದೆ. ಅದು ಸಾರಾ ಟೀಸ್‌ಡೇಲ್ 1918ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರಕಟಿಸಿದ ಕವಿತೆ. ಮಾನವ ಕುಲವೇ ಅಳಿದರೂ ವಸಂತಕ್ಕೆ ಅದರ ಪರಿವೆಯಿರದು ಎಂಬುದು ಅದರ ಭಾವ. ರಾತ್ರಿ ಆ ಮನೆಗೂ ಬೆಂಕಿ ಬೀಳುತ್ತದೆ.

ಈ ಕಥೆಯನ್ನು ಓದಿದವರು ಇದನ್ನು ನಾಟಕವಾಗಿಸಲು ಬಾರದು ಎಂದೇ ಹೇಳಿಯಾರು. ಪಾತ್ರವೇ ಇಲ್ಲದ ನಾಟಕವೆಲ್ಲಿಯದು? ಆದರೆ ಸ್ವಲ್ಪ ಯೋಚಿಸಿ. ಖಾಲಿ ಮನೆಯಲ್ಲಿ ಒಂದು ದನಿ ಮಾತಾಡುತ್ತಿದೆ. ಕೇಳುವವರು ಇದ್ದಾರೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿಲ್ಲ. ಇದು ಬಾನುಲಿಯದೇ ವರ್ಣನೆಯಲ್ಲವೆ? ಹೊತ್ತು ಹೇಳುವುದು, ಹವೆಯ ವರದಿ ಕೊಡುವುದು, ಸಂಜೆಗೊಂದು ಕವಿತೆ ಓದುವುದು, ಇವೆಲ್ಲ ಬಾನುಲಿ ದಿನವೂ ಮಾಡುವ ಕೆಲಸಗಳು. ಕಥೆಗಾರ ಕಲ್ಪಿಸಿದ ಯಂತ್ರದ ದನಿ, ಕೇಳುಗನ ಕೋಣೆಯಲ್ಲಿ ಮೇಜಿನ ಮೇಲೆ ಆಗಲೇ ಇತ್ತು. ಪ್ರಸಾರದ ಕಾಲವನ್ನೂ ನೆನೆಯಬೇಕು. 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತ್ತು. 1950ರ ಜನವರಿಯಲ್ಲಿ ಜಲಜನಕ ಬಾಂಬಿನ ಕೆಲಸ ನಡೆಯಲೆಂದು ಅಧ್ಯಕ್ಷ ಟ್ರೂಮನ್ ಆದೇಶ ಕೊಟ್ಟಿದ್ದರು. ನಾಟಕ ಪ್ರಸಾರವಾದ ಎಂಟನೆಯ ದಿನ, ಜೂನ್ 25ರಂದು, ಕೊರಿಯಾದ ಯುದ್ಧ ಆರಂಭವಾಯಿತು. ಅದನ್ನು ಕೇಳಿದವರು ರೇಡಿಯೊ ಆರಿಸಲು ಎದ್ದಾಗ ಅವರ ಮನಸ್ಸು ಹೇಗಿದ್ದಿರಬಹುದು! ಈ ಕಥೆಯೇ ಪುಸ್ತಕಕ್ಕೆ ಸೇರಿದಾಗ ಅದರ ದಿನಾಂಕ 2026ರ ಆಗಸ್ಟ್ ಎಂದಾಯಿತು. ಇಂದು ಮನೆಮನೆಯಲ್ಲಿಯೂ ಯಂತ್ರಗಳು ಹೊತ್ತು ಹೇಳುತ್ತವೆ, ಹವೆಯ ವರದಿ ಕೊಡುತ್ತವೆ, ಕೇಳಿದರೆ ಕವಿತೆಯನ್ನೂ ಓದುತ್ತವೆ. ಬಾಂಬುಗಳೂ ಇವೆ. ಕಥೆ ಹಳತಾಗಲಿಲ್ಲ.

ಮೂರನೆಯದು ಕಣ್ಣಿನ ಸಮಸ್ಯೆ. ಐಸಾಕ್ ಅಸಿಮೋವ್ ಇಪ್ಪತ್ತೊಂದರ ಹರೆಯದಲ್ಲಿ, 1941ರಲ್ಲಿ ಪ್ರಕಟಿಸಿದ 'ನೈಟ್‌ಫಾಲ್' ನಿಮ್ಮಲ್ಲಿ ಹಲವರಿಗೆ ಪರಿಚಿತವಾಗಿರಬಹುದು. ಆರು ಸೂರ್ಯರಿರುವ ಒಂದು ಲೋಕ. ಯಾವುದಾದರೊಂದು ಸೂರ್ಯ ಸದಾ ಮೇಲಿರುವುದರಿಂದ ಅಲ್ಲಿಯವರು ರಾತ್ರಿಯನ್ನೇ ಕಂಡಿಲ್ಲ. 2049 ವರ್ಷಗಳಿಗೊಮ್ಮೆ, ಒಂದೇ ಸೂರ್ಯ ಉಳಿದ ಹೊತ್ತಿನಲ್ಲಿ ಅದಕ್ಕೂ ಗ್ರಹಣ ಹಿಡಿಯುತ್ತದೆ. ಆಗ ಕತ್ತಲೆ, ಕತ್ತಲೆಯೊಡನೆ ಅವರು ಎಂದೂ ನೋಡದ ನಕ್ಷತ್ರಗಳು. ಜನ ಹುಚ್ಚಾಗಿ, ಬೆಳಕಿಗಾಗಿ ಊರಿಗೇ ಬೆಂಕಿ ಇಡುತ್ತಾರೆ. 1951ರ ಸೆಪ್ಟೆಂಬರ್ 29ರಂದು 'ಡೈಮೆನ್ಷನ್ ಎಕ್ಸ್' ತನ್ನ ಕೊನೆಯ ನಾಟಕವಾಗಿ ಇದನ್ನು ಪ್ರಸಾರ ಮಾಡಿತು. ಕಥೆಯ ಶಿಖರವಿರುವುದು ಒಂದು ನೋಟದಲ್ಲಿ. ಕಿವಿಗೆ ನಕ್ಷತ್ರವನ್ನು ಕಾಣಿಸುವುದು ಹೇಗೆ? ಕಥೆಯಲ್ಲಿಯೇ ಒಂದು ಅನುಕೂಲವಿದೆ: ಎಲ್ಲವನ್ನೂ ಅನುಮಾನಿಸುವ ಪತ್ರಕರ್ತನೊಬ್ಬನಿದ್ದಾನೆ, ಅವನು ಕೇಳುತ್ತಾನೆ, ವಿಜ್ಞಾನಿಗಳು ಹೇಳುತ್ತಾರೆ. ಹೀಗಾಗಿ ವಿವರಣೆಯೇ ವಾಗ್ವಾದವಾಗುತ್ತದೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಬಾನುಲಿಯ ಕೇಳುಗ ಮೊದಲಿನಿಂದಲೂ ಕತ್ತಲೆಯಲ್ಲಿಯೇ ಇದ್ದಾನೆ. ಸೂರ್ಯರು ಬೆಳಗುತ್ತಿದ್ದಾರೆಂದು ಅವನು ನಂಬಿದ್ದು ಮಾತಿನ ಬಲದಿಂದ. ಪಾತ್ರಗಳ ಉಸಿರು ಕಟ್ಟುತ್ತ ಬಂದಂತೆ ಆ ನಂಬಿಕೆಯ ಬೆಳಕು ಕುಂದುತ್ತ ಬರುತ್ತದೆ. ನಕ್ಷತ್ರವನ್ನು ತೋರಿಸಬೇಕಾಗಿಲ್ಲ, ನಕ್ಷತ್ರ ಕಂಡವನ ದನಿ ಒಡೆದರೆ ಸಾಕು.

ಈಗ ನಾಲ್ಕನೆಯದಕ್ಕೆ ಬರುತ್ತೇನೆ. ಇಲ್ಲಿ ಪ್ರಶ್ನೆ ತಂತ್ರದ್ದಲ್ಲ. ಟಾಮ್ ಗಾಡ್ವಿನ್ ಎಂಬವರು 1954ರಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬರೆದ 'ದ ಕೋಲ್ಡ್ ಈಕ್ವೇಷನ್ಸ್', ಎಂದರೆ 'ತಣ್ಣನೆಯ ಸಮೀಕರಣಗಳು' ಎಂಬ ಕಥೆ, ಮರುವರ್ಷದ ಆಗಸ್ಟ್‌ನಲ್ಲಿ 'ಎಕ್ಸ್ ಮೈನಸ್ ಒನ್'ದಲ್ಲಿ ನಾಟಕವಾಯಿತು. ದೂರದ ಗ್ರಹವೊಂದರಲ್ಲಿ ಆರು ಜನ ಜ್ವರದಿಂದ ಸಾಯುತ್ತಿದ್ದಾರೆ. ಅವರಿಗೆ ಔಷಧ ಒಯ್ಯುವ ಸಣ್ಣ ನೌಕೆಯಲ್ಲಿ ಒಬ್ಬನೇ ಚಾಲಕ. ಇಂಧನ ಅವನೊಬ್ಬನ ತೂಕಕ್ಕೆ ಮಾತ್ರ ಅಳೆದು ಹಾಕಿದ್ದು. ಆ ನೌಕೆಯಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು, ಮರಿಲಿನ್, ಅಡಗಿ ಕುಳಿತಿದ್ದಾಳೆ. ಅದೇ ಗ್ರಹದ ಇನ್ನೊಂದು ಬಿಡಾರದಲ್ಲಿರುವ ಅಣ್ಣನನ್ನು ನೋಡಬೇಕೆಂದು ಅವಳ ಆಸೆ. ಸಿಕ್ಕಿಬಿದ್ದರೆ ದಂಡ ತೆತ್ತರಾಯಿತು ಎಂದು ಅವಳ ಲೆಕ್ಕ. ನಿಯಮ ಬೇರೆ ಹೇಳುತ್ತದೆ. ಹೆಚ್ಚಿನ ತೂಕ ಹೊತ್ತ ನೌಕೆ ಇಳಿಯಲಾರದು, ಅಪ್ಪಳಿಸುತ್ತದೆ. ಅವಳನ್ನು ಶೂನ್ಯಕ್ಕೆ ತಳ್ಳದಿದ್ದರೆ ಅವಳೂ ಸಾಯುತ್ತಾಳೆ, ಚಾಲಕನೂ ಸಾಯುತ್ತಾನೆ, ಆ ಆರು ಜನರೂ ಸಾಯುತ್ತಾರೆ.

ಕಥೆಯಲ್ಲಿ ಒಂದು ಸನ್ನಿವೇಶವಿದೆ. ಸಾಯುವ ಮೊದಲು ಹುಡುಗಿ ನೌಕೆಯ ರೇಡಿಯೊದಲ್ಲಿ ಅಣ್ಣನೊಡನೆ ಮಾತಾಡುತ್ತಾಳೆ. ಆದರೆ ಗ್ರಹ ತಿರುಗುತ್ತಿದೆ. ಅಣ್ಣನಿರುವ ಜಾಗ ದಿಗಂತದ ಆಚೆಗೆ ಸರಿಯುತ್ತಿದೆ. ಅವನ ದನಿ ಕ್ಷೀಣಿಸುತ್ತ ಕ್ಷೀಣಿಸುತ್ತ ನಿಂತುಹೋಗುತ್ತದೆ. ಪುಟದ ಮೇಲೆ ಓದುವಾಗ ಇದು ಕಣ್ಣೀರು ತರುವ ಒಂದು ಘಟನೆ. ರೇಡಿಯೊ ಪೆಟ್ಟಿಗೆಯ ಮುಂದೆ ಕುಳಿತವನಿಗಾದರೆ ಅದು ಘಟನೆಯ ವರ್ಣನೆಯಲ್ಲ, ಘಟನೆಯೇ. ದೂರದ ನಿಲಯದ ದನಿ ರಾತ್ರಿಯಲ್ಲಿ ತೇಲಿ ಬಂದು ಕರಗಿಹೋಗುವುದನ್ನು ಕೇಳದವರು ಯಾರು? ಆಗ ನಾವೆಲ್ಲ ಗುಂಡಿಯನ್ನು ತಿರುಗಿಸಿ ಆ ದನಿಯನ್ನು ಹಿಡಿದಿಡಲು ಹೆಣಗುತ್ತಿದ್ದೆವು. ಇಲ್ಲಿ ತಿರುಗಿಸಲು ಗುಂಡಿಯಿಲ್ಲ.

ಹುಡುಗಿಯನ್ನು ಉಳಿಸುವ ಆಸೆ ಯಾರಿಗೆ ಬಾರದು? ಮೂಲ ಲೇಖಕರಿಗೂ ಬಂದಿತ್ತಂತೆ. ಅವರು ಮತ್ತೆ ಮತ್ತೆ ಅವಳನ್ನು ಉಳಿಸುವ ಉಪಾಯಗಳನ್ನು ಹುಡುಕಿ ಬರೆದರೆಂದೂ, ಸಂಪಾದಕ ಜಾನ್ ಕ್ಯಾಂಬೆಲ್ ಅಷ್ಟು ಸಲವೂ ಕಥೆಯನ್ನು ಹಿಂದಕ್ಕೆ ಕಳುಹಿಸಿದರೆಂದೂ ಹೇಳುತ್ತಾರೆ. ರೂಪಾಂತರಕಾರನಿಗೆ ಆ ಆಸೆ ಇನ್ನೂ ಹೆಚ್ಚಾಗಿ ಬರಬೇಕು. ಲಕ್ಷಾಂತರ ಮನೆಗಳಲ್ಲಿ ಊಟದ ಹೊತ್ತಿಗೆ ಕೇಳುವ ನಾಟಕವಿದು. ಆದರೂ ಬಾನುಲಿಯಲ್ಲಿ ಅವಳು ಉಳಿಯಲಿಲ್ಲ. ನಾನಾಗಿದ್ದರೆ ಏನು ಮಾಡುತ್ತಿದ್ದೆ? ನಿಜ ಹೇಳಬೇಕೆಂದರೆ ಕೊನೆಯ ಗಳಿಗೆಯಲ್ಲಿ ಇನ್ನೊಂದು ನೌಕೆಯನ್ನು ಕರೆತರುತ್ತಿದ್ದೆ. ಪಿಟೀಲೂ ಇರುತ್ತಿತ್ತು.

ಇಲ್ಲಿ ಒಂದು ಆಕ್ಷೇಪಣೆಯನ್ನೂ ಹೇಳಲೇಬೇಕು. ಪ್ರಕೃತಿಯ ನಿಯಮಕ್ಕೆ ಕರುಣೆಯಿಲ್ಲ ಎಂಬುದು ಈ ಕಥೆಯ ವಾದ. ಸಮೀಕರಣ ತಣ್ಣಗಿದೆ, ಸರಿ. ಆದರೆ ಅದರಲ್ಲಿ ಇಂಧನದ ಅಂಕಿಯನ್ನು ಬರೆದವರು ಯಾರು? ಒಂದು ಹಿಡಿ ಕೂಡ ಹೆಚ್ಚಿಗೆ ಹಾಕದೆ ನೌಕೆಯನ್ನು ಕಳುಹಿಸಿದವರು ಯಾರು? ಬಾಗಿಲಿಗೆ ಬೀಗವಿಲ್ಲ, ಕಾವಲಿಲ್ಲ, ಅನ್ಯರಿಗೆ ಪ್ರವೇಶವಿಲ್ಲ ಎಂಬ ಬರಹ ಮಾತ್ರ. ಒಳಗೆ ಹೋದರೆ ಸಾವು ಎಂದು ಅದರಲ್ಲಿ ಬರೆದಿಲ್ಲ. ಮನುಷ್ಯರ ಜಿಪುಣತನವನ್ನೂ ಅಲಕ್ಷ್ಯವನ್ನೂ ಪ್ರಕೃತಿಯ ಲೆಕ್ಕಕ್ಕೆ ಬರೆದುಬಿಡುವುದು ಆಡಳಿತಗಾರರಿಗೆ ಬಹಳ ಅನುಕೂಲದ ವಿದ್ಯೆ. ಈ ಆಕ್ಷೇಪಣೆ ನನ್ನ ಸ್ವಂತದ್ದಲ್ಲ. ಈ ಕಥೆಯ ಬಗ್ಗೆ ದಶಕಗಳಿಂದ ನಡೆದಿರುವ ಚರ್ಚೆಯಲ್ಲಿ ಹಲವು ವಿಮರ್ಶಕರು ಇದನ್ನು ಎತ್ತಿದ್ದಾರೆ. ಆದರೆ ಕಥೆಯನ್ನು ಮೊದಲು ಓದಿದಾಗ ನನಗೆ ಇದು ಹೊಳೆಯಲಿಲ್ಲ. ನಾಟಕವನ್ನು ಕೇಳಿದಾಗ ಹೊಳೆಯಿತು. ಓದುವಾಗ ಹುಡುಗಿಯನ್ನು ಸಮೀಕರಣದ ಒಂದು ಪದವಾಗಿ ಎಣಿಸುವುದು ಸಾಧ್ಯ. ಕೇಳುವಾಗ ಸಾಧ್ಯವಿಲ್ಲ. ಅವಳು ಉಸಿರಾಡುತ್ತಾಳೆ, ತಡವರಿಸುತ್ತಾಳೆ, ತಾಯಿಯ ಮಾತೆತ್ತುತ್ತಾಳೆ. ಆ ದನಿ ನಿಂತಾಗ ಯಾರನ್ನಾದರೂ ಹಿಡಿದು ಕೇಳಬೇಕೆನಿಸುತ್ತದೆ. ಗಣಿತವನ್ನು ಹಿಡಿದು ಕೇಳಲು ಬರುವುದಿಲ್ಲ.

ನಾಟಕಕಾರರು ಕಥೆಯನ್ನು ತಿದ್ದಿ ಹುಡುಗಿಯನ್ನು ಉಳಿಸಿದ್ದರೆ ನಾನು ಸಮಾಧಾನದಿಂದ ಮಲಗಿಬಿಡುತ್ತಿದ್ದೆ, ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅವರು ಕಥೆಗೆ ನಿಷ್ಠರಾಗಿದ್ದುದರಿಂದಲೇ ಕಥೆಯೊಡನೆ ಜಗಳವಾಡುವ ಅವಕಾಶ ನನಗೆ ದೊರೆಯಿತು. ರೂಪಾಂತರದಲ್ಲಿ ನಿಷ್ಠೆ ಎಂದರೆ ಮೂಲ ಲೇಖಕನಿಗೆ ಸಲ್ಲಿಸುವ ಮರ್ಯಾದೆ ಎಂದು ನಾನು ತಿಳಿದಿದ್ದೆ. ಅದು ಕೇಳುಗನಿಗೆ ಸಲ್ಲುವ ಮರ್ಯಾದೆಯೂ ಹೌದು. ನಿನಗೆ ಅರ್ಥವಾಗದು, ನಿನಗೆ ಸಹಿಸಲಾಗದು ಎಂದು ಅವನ ಪರವಾಗಿ ನಾವು ತೀರ್ಮಾನಿಸಬಾರದು.

ಈ ಮಾಲಿಕೆಗಳೆಲ್ಲ ಇಷ್ಟು ಎತ್ತರದವು ಎಂದು ಯಾರೂ ತಿಳಿಯಬಾರದು. ಹಲವು ನಾಟಕಗಳು ಆ ಕಾಲಕ್ಕೇ ಸಲ್ಲುವಂಥವು. ಹೆಂಗಸರಿಗೆ ಚೀರುವುದಲ್ಲದೆ ಬೇರೆ ಕೆಲಸ ಕೊಡದವು ಕೆಲವು. ಕೆಲವು ನಗಿಸುತ್ತಲೇ ಬೆಚ್ಚಿಸುತ್ತವೆ. ಮರ್ರೆ ಲೈನ್‌ಸ್ಟರ್ 1946ರಲ್ಲಿ ಬರೆದ 'ಎ ಲಾಜಿಕ್ ನೇಮ್ಡ್ ಜೋ' ಎಂಬ ಕಥೆಯಲ್ಲಿ ಮನೆಮನೆಗೂ ಒಂದು ಯಂತ್ರ, ಎಲ್ಲವೂ ಒಂದಕ್ಕೊಂದು ಜೋಡಣೆ. ಅವುಗಳಲ್ಲಿ ಒಂದು ಯಂತ್ರ ಯಾರು ಏನು ಕೇಳಿದರೂ, ವಿಷವಿಕ್ಕುವ ಉಪಾಯವನ್ನು ಕೇಳಿದರೂ, ಬಹಳ ಉಪಕಾರ ಬುದ್ಧಿಯಿಂದ ಉತ್ತರ ಕೊಡತೊಡಗುತ್ತದೆ. ಎರಡು ಮಾಲಿಕೆಗಳಲ್ಲಿಯೂ ಇದು ನಾಟಕವಾಗಿ ಬಂತು. ಅಂದಿನವರು ನಕ್ಕಿರಬೇಕು. ಇಂದು ಕೇಳಿದವರಿಗೆ ನಗು ಅರ್ಧಕ್ಕೆ ನಿಲ್ಲುತ್ತದೆ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು. ಅದರ 'ಬೀಪ್ ಬೀಪ್' ಸದ್ದನ್ನು ಲೋಕವೆಲ್ಲ ಕೇಳಿದ್ದು ರೇಡಿಯೊದಲ್ಲಿ. ಬಾಹ್ಯಾಕಾಶದಿಂದ ಬಂದ ನಿಜವಾದ ದನಿ ಅದು. ಮೂರು ತಿಂಗಳು ತುಂಬಿದ ಮೇಲೆ, 1958ರ ಜನವರಿ 9ರಂದು 'ಎಕ್ಸ್ ಮೈನಸ್ ಒನ್' ನಿಂತಿತು. ಒಂದಕ್ಕೊಂದು ಕಾರಣವಲ್ಲ, ಆ ವೇಳೆಗೆ ಟೆಲಿವಿಷನ್ ಬಾನುಲಿ ನಾಟಕದ ಕೇಳುಗರನ್ನು ಬಹುಮಟ್ಟಿಗೆ ಕೊಂಡೊಯ್ದಿತ್ತು. ಆದರೂ ಕಲ್ಪನೆಯ ದನಿ ಮೌನವಾದ ಹೊತ್ತಿಗೆ ನಿಜದ ದನಿ ಕೇಳತೊಡಗಿತ್ತು ಎಂಬುದನ್ನು ನೆನೆದಾಗ ಒಂದು ಬಗೆಯ ವಿಷಾದ ಮೂಡುತ್ತದೆ.

ಆ ಹಿರಿಯ ಕಥೆಗಾರರು ಈಗ ಇಲ್ಲ. ಅವರ ಕಾರ್ಡು ನನ್ನ ಕಡತದಲ್ಲಿದೆ. ಅದರ ಎರಡನೆಯ ಸಾಲಿಗೆ ನಾನು ಉತ್ತರ ಬರೆಯಲಿಲ್ಲ. ಆಗ ಅದನ್ನು ಕುಹಕವೆಂದೇ ತಿಳಿದಿದ್ದೆ. ಈಗ ಅದೊಂದು ನಿಜವಾದ ಪ್ರಶ್ನೆಯಾಗಿ ಕಾಣುತ್ತದೆ. ಖಾಲಿ ಮನೆಯಲ್ಲಿ ಗಡಿಯಾರವೊಂದು ಮಾತಾಡುವುದನ್ನು ಕೇಳಿದ ಆ ರಾತ್ರಿ ನನಗೆ ನೆನಪಾದದ್ದು ಬ್ರ್ಯಾಡ್ಬರಿಯ ಕ್ಯಾಲಿಫೋರ್ನಿಯವಲ್ಲ. ದೀಪ ಹಚ್ಚದೆ ಕುಳಿತ ನಮ್ಮ ಮೇಷ್ಟರು. ಆ ಮನೆಯಲ್ಲಿಯೂ ಒಂದು ಗಡಿಯಾರವಿದ್ದಿರಬೇಕು. ಪಕ್ಕದ ಮನೆಯವನು ಬೇಕಾಗಿರಲಿಲ್ಲ. ಗಡಿಯಾರದ ಸದ್ದು, ಹೊರಗೆ ಬಸ್ಸು ದೂರವಾಗುವ ಸದ್ದು, ಆಮೇಲೆ ಬೆಂಕಿಪೆಟ್ಟಿಗೆಯನ್ನು ಕೈಗೆತ್ತಿಕೊಂಡು, ಗೀರದೆ, ಹಾಗೆಯೇ ಕೆಳಗಿಟ್ಟ ಸದ್ದು. ಇಷ್ಟು ಸಾಕಾಗಿತ್ತು.

(ಬಾನುಲಿ ಭಾಷಣ)